ನಲವತ್ತು ದಿನದ ಅಳತೆ

ಗುಬ್ಬಿ ಇನ್ನೊಬ್ಬಳ ಹತ್ತಿರ ಡಬ್ಬಿ ಮಾಡಿಸಲು ಹೊರಟಿದ್ದಾಳೆಂದು ನನಗೆ ತಿಳಿದದ್ದು ಮೊಳೆಗೆ ಚುಚ್ಚಿದ್ದ ಒಂದು ಕಾಗದದಿಂದ.

ಆ ಬೆಳಿಗ್ಗೆ ಸಾವಿರ ಡಬ್ಬಿ ಕಟ್ಟಿಕೊಂಡು ಅವಳ ಸೋಪಿನ ಶೆಡ್ಡಿಗೆ ಹೋಗಿದ್ದೆ. ಅವಳು ಒಳಗೆ ಎಣ್ಣೆ ಕಾಯಿಸುತ್ತಿದ್ದಳು. ಬಾಗಿಲ ಪಕ್ಕದ ಗೋಡೆಯಲ್ಲಿ ಅವಳದೊಂದು ಉದ್ದನೆಯ ಮೊಳೆ ಇದೆ. ಬಂದ ಬಿಲ್ಲುಗಳನ್ನೆಲ್ಲ ಅದಕ್ಕೇ ಚುಚ್ಚುವುದು. ಎಲ್ಲಕ್ಕಿಂತ ಮೇಲಿದ್ದದ್ದು ಒಂದು ದರಪಟ್ಟಿ. ಸೋಪಿನ ಡಬ್ಬಿ, ಐದು ಸಾವಿರ. ನೂರಕ್ಕೆ ಒಂಬೈನೂರ ಐವತ್ತು. ತೆರಿಗೆ ತೊಂಬತ್ತೈದು. ಒಟ್ಟು ಸಾವಿರದ ನಲವತ್ತೈದು. ತಲೆಯ ಮೇಲೆ ಯಾವುದೋ ಹೆಂಗಸಿನ ಹೆಸರು, ಅದರ ಕೆಳಗೆ ಗೂಡ್ಸ್ ಗಾಡಿಯಂತೆ ಮುಗಿಯದ ಒಂದು ನಂಬರು.

ನಾನು ನೂರಕ್ಕೆ ಸಾವಿರ ತೆಗೆದುಕೊಳ್ಳುತ್ತಿದ್ದೆ. ಹೋದ ವರ್ಷ ರಟ್ಟಿನ ಬೆಲೆ ಏರಿದಾಗ ಇಪ್ಪತ್ತು ಹೆಚ್ಚು ಕೇಳಿದ್ದಕ್ಕೆ ಗುಬ್ಬಿ, "ಅತ್ತಿಗೆ, ನೀನೂ ಹೀಗಂದ್ರೆ ಹೇಗೆ?" ಎಂದಿದ್ದಳು. ನಾನು ಹಳೆಯ ಬೆಲೆಗೇ ಒಪ್ಪಿಕೊಂಡಿದ್ದೆ. ಈಗ ಯಾವಳಿಗೋ ನಲವತ್ತೈದು ಹೆಚ್ಚು ಕೊಡಲು ತಯಾರಾಗಿದ್ದಾಳೆ.

ಗಂಡ ಇನ್ನೊಬ್ಬಳ ಕಡೆ ನೋಡಿದರೆ ಹೆಂಡತಿಗೆ ಏನಾಗುತ್ತದೋ ನನಗೆ ಗೊತ್ತಿಲ್ಲ. ನಮ್ಮನೆಯವರಿಗೆ ಕನ್ನಡಕವಿಲ್ಲದೆ ಯಾರೂ ಕಾಣುವುದಿಲ್ಲ, ಕನ್ನಡಕ ಎಲ್ಲಿದೆಯೆಂದು ನೆನಪಿರುವುದಿಲ್ಲ. ಆದರೆ ಆ ಕಾಗದ ನೋಡಿದಾಗ ಎದೆಯ ಕೆಳಗೆ, ಹೊಟ್ಟೆಯ ಮೇಲೆ, ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತುಹೋದಂತಾಯಿತು.

ಗುಬ್ಬಿ ನನ್ನ ನಾದಿನಿ. ನಾನು ಮದುವೆಯಾಗಿ ಬಂದಾಗ ಅವಳಿಗೆ ಹನ್ನೊಂದು ವರ್ಷ. ತಾಯಿಯಿಲ್ಲದ ಹುಡುಗಿ. ಅವಳ ತಲೆಯ ಹೇನು ತೆಗೆದವಳು ನಾನು, ಮೊದಲ ಸಲ ಹೊಟ್ಟೆ ನೋವೆಂದು ಅತ್ತಾಗ ಪಕ್ಕದಲ್ಲಿ ಕುಳಿತವಳು ನಾನು. ದೊಡ್ಡವಳಾದ ಮೇಲೆ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಅವಳು ಸೋಪು ಮಾಡಲು ಶುರುಮಾಡಿದಳು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ನಾನು ಹಳೆಯ ರಟ್ಟು ಕತ್ತರಿಸಿ ಆ ಸೋಪಿಗೆ ಡಬ್ಬಿ ಮಾಡಿದೆ. ಹದಿನಾರು ವರ್ಷವಾಯಿತು. ಈಗ ಅವಳಿಗೊಂದು ಶೆಡ್ಡು, ನನಗೊಂದು ಬಾಡಿಗೆ ಕೋಣೆ ಮತ್ತು ಇಬ್ಬರು ಕೆಲಸದವರು. ಹೊಸ ಸೋಪನ್ನು ಹೊಸ ಡಬ್ಬಿಗೆ ಹಾಕುವಾಗ ಮೊದಲನೆಯದನ್ನು ನಾನೇ ಹಾಕಬೇಕು. ಅದು ಅವಳು ಮಾಡಿಕೊಂಡ ನಿಯಮ.

"ನೋಡಿಬಿಟ್ಯಾ?" ಎಂದಳು ಹಿಂದಿನಿಂದ. ಕೈಗವಸು ಕಳಚುತ್ತಿದ್ದಳು. "ನಾನೇ ಇವತ್ತು ಹೇಳ್ಬೇಕು ಅಂತಿದ್ದೆ. ಕೂತ್ಕೋ."

"ನಿಂತೇ ಕೇಳ್ತೀನಿ. ಕಾಲಿದೆ ಇನ್ನೂ."

"ಹೋಟೆಲ್‌ನೋರ ಆರ್ಡರು ಅತ್ತಿಗೆ, ಐದು ಸಾವಿರ. ಇದು ಸರಿಹೋದ್ರೆ ವರ್ಷಪೂರ್ತಿ ಅವರದ್ದೇ. ಅವರು ಬೆಲೇಲಿ ಜೀವ ಹಿಂಡ್ತಿದಾರೆ. ನಿನ್ನ ಡಬ್ಬೀಲಿರೋ ತೆರಿಗೆ ನನಗೆ ವಾಪಸ್ ಬರಲ್ಲ, ಅವಳದ್ದು ಬರುತ್ತೆ."

"ನನ್ನ ಡಬ್ಬೀಲಿ ತೆರಿಗೆನೇ ಇಲ್ವಲ್ಲೇ!"

"ಇದೆ. ಕಾಣಲ್ಲ ಅಷ್ಟೆ."

"ಕಾಣದೇ ಇರೋದು ದೆವ್ವ."

ಅವಳಿಗೆ ನಗು ಬಂತು. ನನಗೆ ಬರಲಿಲ್ಲ. "ಹೊಸ ತೆರಿಗೆ ಬಂದಾಗಿಂದ ನೀನೂ ತೆರಿಗೆ ನಂಬರ್ ಮಾಡಿಸ್ಕೋ ಅಂತ ಬಡ್ಕೋತಿದೀನಿ. ನಂಬರ್ ಇದ್ದಿದ್ರೆ ಈ ಮಾತೇ ಬರ್ತಿರ್ಲಿಲ್ಲ."

"ಚಿಕ್ಕ ವ್ಯಾಪಾರದೋರಿಗೆ ಬೇಡ ಅಂತ ಸರ್ಕಾರವೇ ಬಿಟ್ಟಿದೆ. ಸರ್ಕಾರಕ್ಕಿರೋ ಕರುಣೆ ನಿನಗಿಲ್ಲ."

"ಸರ್ಕಾರ ನಿನ್ನ ಹತ್ರ ಡಬ್ಬಿ ಕೊಳ್ಳಲ್ಲ ಅತ್ತಿಗೆ, ನಾನು ಕೊಳ್ಳೋದು."

ತಳ್ಳುಗಾಡಿ ಖಾಲಿ ಮಾಡಿ ಹೊರಟೆ. ಟೀ ಕೂಡ ಕುಡಿಯಲಿಲ್ಲ.

ನಮ್ಮಲ್ಲಿ ಅಂಟು ಕಲಸುವವಳಿಗೆ ಎಲ್ಲರೂ ಗೋಂದಕ್ಕ ಎನ್ನುವುದು. ಅಂಟಿನಷ್ಟೇ ಬಾಯಿಯೂ ಅಂಟುವಂಥದ್ದು. ಒಂದು ವಿಷಯ ಹಿಡಿದರೆ ಬಿಡುವವಳಲ್ಲ. ನನ್ನ ಮುಖ ನೋಡಿಯೇ, "ಏನಮ್ಮಾ, ಸವತಿ ಬಂದ್ಲಾ?" ಎಂದಳು.

"ಬಂದಳು. ನಂಬರು ಸಮೇತ."

"ನೋಡೋಕೆ ಹೆಂಗಿದಾಳೆ?"

ಅದೇ ನನಗೂ ಬೇಕಾಗಿತ್ತು. ಅವಳು ಹೇಗಿದ್ದಾಳೆ, ಅವಳ ಕೋಣೆ ಹೇಗಿದೆ, ಗುಬ್ಬಿ ಅಲ್ಲಿಗೆ ಹೋದಾಗ ಎಲ್ಲಿ ಕೂರುತ್ತಾಳೆ. ನಾಲ್ಕು ದಿನ ತಡೆದೆ. ಐದನೆಯ ದಿನ ಮಧ್ಯಾಹ್ನ, ದರಪಟ್ಟಿಯ ಮೇಲೆ ಓದಿಕೊಂಡಿದ್ದ ವಿಳಾಸ ಹುಡುಕಿಕೊಂಡು ಹೋದೆ. ಮೋಂಬತ್ತಿಗೆ ಡಬ್ಬಿ ಬೇಕೆಂದು ಸುಳ್ಳು ಹೇಳಬೇಕೆಂದು ದಾರಿಯಲ್ಲೇ ತೀರ್ಮಾನಿಸಿದ್ದೆ.

ಚೆಂದದವಳಿರಲಿ ಎಂದು ಆಸೆಪಟ್ಟಿದ್ದೆ. ಆಗ ದ್ವೇಷಿಸುವುದು ಸುಲಭ. ನಂಬರಿನವಳು ನನ್ನ ವಯಸ್ಸಿನವಳೇ. ಸೊಂಟಕ್ಕೆ ನೋವಿನ ಬೆಲ್ಟು, ಬೆರಳ ತುದಿಗಳಲ್ಲಿ ನನ್ನಂತೆಯೇ ಒಣಗಿದ ಅಂಟಿನ ಚಕ್ಕೆ. ಹೊಲಿಗೆ ಅಂಗಡಿಯ ಹಿಂದಿನ ಒಂದು ಕೋಣೆ, ಅದರಲ್ಲಿ ಅರ್ಧ ರಟ್ಟು. ಮೂಲೆಯಲ್ಲಿ ಬಟ್ಟೆ ಹೊದಿಸಿದ ಒಂದು ಕಂಪ್ಯೂಟರ್. ಕುರ್ಚಿಯ ಮೇಲಿನ ಸಾಮಾನು ಕೆಳಗಿಟ್ಟು, "ಕೂತ್ಕೊಳ್ಳಿ, ಬಿಸಿಲಲ್ಲಿ ಬಂದಿದೀರಿ," ಎಂದು ನೀರು ಕೊಟ್ಟಳು. ಆ ನೀರು ಕುಡಿದ ಋಣ ಆಮೇಲೆ ನನ್ನನ್ನು ಬಹಳ ಕಾಡಿತು.

"ನಿಮಗೆ ತೆರಿಗೆ ನಂಬರ್ ಇದೆಯಾ?" ಎಂದು ಕೇಳಿದಳು.

"ಇಲ್ಲ. ಚಿಕ್ಕ ವ್ಯಾಪಾರ. ಯಾಕೆ ಬೇಕು ಆ ತಲೆನೋವು?"

"ನಾನೂ ಹಾಗೇ ಅಂದಿದ್ದೆ." ಕೆಳಗೆ ಬಿದ್ದಿದ್ದ ರಟ್ಟಿನ ಚೂರೊಂದನ್ನು ಎತ್ತಿ ನನ್ನ ಮುಂದಿಟ್ಟಳು. "ಈ ರಟ್ಟು ಕೊಳ್ಳುವಾಗ್ಲೇ ತೆರಿಗೆ ಕೊಟ್ಟಿರ್ತೀವಿ. ನೂರು ಡಬ್ಬಿಗೆ ನಲವತ್ತು ಅಂತಿಟ್ಕೊಳ್ಳಿ. ನಂಬರ್ ಇಲ್ಲದಿದ್ರೆ ಆ ನಲವತ್ತು ನಮ್ಮ ಬೆಲೆ ಒಳಗೇ ಕೂತ್ಬಿಡುತ್ತೆ. ನಮ್ಮ ಹತ್ರ ಕೊಳ್ಳೋರಿಗೂ ಅದು ವಾಪಸ್ ಸಿಗಲ್ಲ, ನಮಗೂ ಸಿಗಲ್ಲ. ನಂಬರ್ ಇದ್ರೆ, ನಾವು ಕೊಟ್ಟಿದ್ದನ್ನ ನಾವು ಕಟ್ಟೋದ್ರಲ್ಲಿ ಮುರ್ಕೋತೀವಿ, ನಮ್ಮ ಬಿಲ್ಲಲ್ಲಿರೋದನ್ನ ಕೊಳ್ಳೋರು ಅವರು ಕಟ್ಟೋದ್ರಲ್ಲಿ ಮುರ್ಕೋತಾರೆ. ನನ್ನ ಬಿಲ್ಲಲ್ಲಿ ನೂರಕ್ಕೆ ಸಾವಿರದ ನಲವತ್ತೈದು ಅಂತ ಕಂಡ್ರೂ ಅವರಿಗೆ ಬೀಳೋದು ಒಂಬೈನೂರ ಐವತ್ತೇ."

ಗುಬ್ಬಿ ಮೂರು ಸಲ ಹೇಳಿದ್ದನ್ನು ನಾನು ಮೂರು ಸಲವೂ ಕೇಳಿರಲಿಲ್ಲ. ವೈರಿಯ ಬಾಯಿಂದ ಬಂದಾಗ ಒಂದೇ ಏಟಿಗೆ ಅರ್ಥವಾಯಿತು. ನಲವತ್ತೈದು ಹೆಚ್ಚು ಕೊಟ್ಟದ್ದಲ್ಲ, ಐವತ್ತು ಉಳಿಸಿಕೊಂಡದ್ದು.

"ಅಂದ್ರೆ ನಂಬರ್ ಇದ್ದೋರಿಗೆ ಎಲ್ಲ ಲಾಭವೇ," ಎಂದೆ. ದನಿಯಲ್ಲಿ ಹುಳಿ ಬೆರೆಯಿತು.

"ಎಲ್ಲಿ ಬಂತು! ತಿಂಗಳು ತಿಂಗಳು ಲೆಕ್ಕ ಒಪ್ಪಿಸ್ಬೇಕು. ಕೊಂಡೋರು ದುಡ್ಡು ಕೊಡೋದು ಎರಡು ತಿಂಗಳಿಗೆ, ನಾವು ತೆರಿಗೆ ಕಟ್ಟೋದು ಮುಂದಿನ ತಿಂಗಳೇ. ಒಂದೊಂದ್ಸಲ ಮೂಗಿಗಿಂತ ಮೂಗುತಿ ಭಾರ." ಬೆಲ್ಟನ್ನು ಸರಿಮಾಡಿಕೊಂಡಳು. "ಆದ್ರೆ ಏನ್ ಮಾಡ್ತೀರಿ? ನಾನು ಆರು ತಿಂಗಳು ಹಠ ಹಿಡಿದೆ. ಕೊಳ್ಳೋರು ಒಬ್ಬೊಬ್ಬರಾಗಿ ನಿಂತ್ರು. ಯಾರೂ ಜಗಳ ಆಡ್ಲಿಲ್ಲ. ಆಡಿದ್ರೆ ಸಮಾಧಾನ ಆದ್ರೂ ಇರ್ತಿತ್ತು."

ಅವಳ ಮೇಲೆ ಕರುಣೆ ಬರುವುದರಲ್ಲಿತ್ತು. ಆಗ ಮೇಜಿನ ಮೇಲೆ ಗುಬ್ಬಿಯ ಸೋಪು ಕಂಡಿತು.

ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿತ್ತು. ಪಕ್ಕದಲ್ಲಿ ಆಗತಾನೆ ಬಂದಿದ್ದ ಹೊಸ ಅಚ್ಚು, ರಟ್ಟು ಕತ್ತರಿಸುವುದಕ್ಕೆ. "ದೊಡ್ಡ ಆರ್ಡರು," ಎಂದಳು ಹೆಮ್ಮೆಯಿಂದ. "ಅಳತೆಗೆ ಅಂತ ಸೋಪೇ ಕಳಿಸಿದಾರೆ. ನಾಳೆಯಿಂದ ಕತ್ತರಿಸ್ತೀನಿ."

ಕೈಗೆತ್ತಿಕೊಂಡೆ. ಮೂಸಿದೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಪ್ಲಾಸ್ಟಿಕ್ಕಿನ ಒಳಗೆ ಬೆವರಿತ್ತು. ಬೆರಳಿಗೆ ಅದು ಬೆಣ್ಣೆಯಂತೆ ತಗ್ಗಿತು. ಕತ್ತರಿಸಿ ಮೂರು ದಿನವೂ ಆಗುವ ಮುಂಚೆಯೇ ಸುತ್ತಿಟ್ಟ ಸೋಪು.

ಇಲ್ಲಿ ಒಂದು ಮಾತು ಹೇಳಬೇಕು. ಗುಬ್ಬಿಯ ಸೋಪು ಕತ್ತರಿಸಿದ ಮೇಲೆ ನಲವತ್ತು ದಿನ ಹಲಗೆಯ ಮೇಲೆ ಒಣಗುತ್ತದೆ. ಒಣಗುತ್ತ ಕುಗ್ಗುತ್ತದೆ, ಉದ್ದದಲ್ಲಿ ಒಂದು ನೂಲು, ಅಗಲದಲ್ಲಿ ಒಂದು ನೂಲು. ನೂಲೆಂದರೆ ಅಂಗುಲದ ಎಂಟನೆಯ ಒಂದು ಪಾಲು, ಅಷ್ಟೆ. ಆದರೆ ಹಸಿ ಸೋಪಿನ ಅಳತೆಗೆ ಮಾಡಿದ ಡಬ್ಬಿಯಲ್ಲಿ ಒಣಗಿದ ಸೋಪು ಅಲ್ಲಾಡುತ್ತದೆ, ಮೂಲೆಗಳು ಜಜ್ಜುತ್ತವೆ. ಮೊದಲ ವರ್ಷವೇ ನೂರು ಡಬ್ಬಿ ಹಾಳುಮಾಡಿ ಇದನ್ನು ಕಲಿತಿದ್ದೆ. ಅಂದಿನಿಂದ ಹಲಗೆಯ ಮೇಲಿನ ನಲವತ್ತು ದಿನದ ಸೋಪನ್ನು ನಾನೇ ಆರಿಸಿ, ಸುತ್ತ ಒಂದು ಕಾಗದದ ಪಟ್ಟಿ ಸುತ್ತಿ, ಉಗುರಿನಿಂದ ಗೆರೆ ಎಳೆದು ತರುತ್ತಿದ್ದೆ. ಆ ಪಟ್ಟಿ ನನ್ನ ಕತ್ತರಿಯ ಡಬ್ಬದಲ್ಲೇ ಇರುತ್ತದೆ. ಸೋಪು ಕುಗ್ಗುವುದು ಗುಬ್ಬಿಗೆ ಗೊತ್ತು. ಡಬ್ಬಿಯ ಅಳತೆ ಯಾವ ದಿನದ್ದೆಂದು ಅವಳು ಒಮ್ಮೆಯೂ ಯೋಚಿಸಬೇಕಾಗಿ ಬಂದಿರಲಿಲ್ಲ. ಅದಕ್ಕೆ ನಾನಿದ್ದೆ.

ಈಗ ಒಂದು ಮಾತು ಸಾಕಿತ್ತು. 'ಇದು ಹಸಿ ಕಣ್ರೀ' ಅಷ್ಟೆ.

ಸೋಪನ್ನು ಮೊದಲಿದ್ದಲ್ಲೇ ಇಟ್ಟೆ. "ಒಳ್ಳೆ ವಾಸನೆ," ಎಂದೆ. ಮೋಂಬತ್ತಿಯ ಡಬ್ಬಿಗೆ ಆಮೇಲೆ ಬರುತ್ತೇನೆಂದು ಹೇಳಿ ಎದ್ದೆ.

ಆಮೇಲಿನ ಹದಿನೆಂಟು ದಿನ ನಾನು ಹೇಗಿದ್ದೆ ಎಂದರೆ ನಾಚಿಕೆಯಾಗುತ್ತದೆ. ಸಂತೋಷವಾಗಿದ್ದೆ. ಗೋಂದಕ್ಕನ ಜೊತೆ ನಗುತ್ತಿದ್ದೆ, ಮನೆಯವರ ಕನ್ನಡಕವನ್ನು ನಾನೇ ಹುಡುಕಿಕೊಡುತ್ತಿದ್ದೆ. ಡಬ್ಬಿ ಮಡಿಸುವಾಗ ಕಣ್ಮುಂದೆ ಒಂದೇ ಚಿತ್ರ. ಗುಬ್ಬಿ ನಮ್ಮ ಕೋಣೆಯ ಬಾಗಿಲಲ್ಲಿ ನಿಂತು, "ಅತ್ತಿಗೆ, ನಿನ್ನ ಬಿಟ್ಟು ತಪ್ಪು ಮಾಡಿದೆ," ಎನ್ನುತ್ತಾಳೆ. ನಾನು ತಕ್ಷಣ ಕ್ಷಮಿಸುವುದಿಲ್ಲ. ಮೊದಲು ಒಂದು ಲೋಟ ನೀರು ಕೊಡುತ್ತೇನೆ. ಆ ಚಿತ್ರದಲ್ಲಿ ಹೋಟೆಲಿನವರು ಇರುತ್ತಿರಲಿಲ್ಲ. ಅವಳ ಐದು ಸಾವಿರ ಸೋಪು, ವರ್ಷಪೂರ್ತಿಯ ಆರ್ಡರು, ಯಾವುದೂ ಇರುತ್ತಿರಲಿಲ್ಲ. ನಡುನಡುವೆ ಅವು ಬಂದರೆ ನಾನು ಅಂಟಿನ ಬಟ್ಟಲು ತೊಳೆಯಲು ಎದ್ದುಹೋಗುತ್ತಿದ್ದೆ. ಆ ದಿನಗಳಲ್ಲಿ ಬಟ್ಟಲು ಫಳಫಳ ಹೊಳೆಯುತ್ತಿತ್ತು.

"ನಾಳೆ ಪ್ಯಾಕಿಂಗ್," ಎಂದು ಫೋನು ಮಾಡಿದಳು ಗುಬ್ಬಿ. "ಮೂರು ದಿನಕ್ಕೆ ಲಾರಿ ಬರುತ್ತೆ. ಬೆಳಿಗ್ಗೆನೇ ಬಾ."

"ನನ್ನ ಡಬ್ಬಿ ಅಲ್ವಲ್ಲ."

"ಸೋಪು ನನ್ನದು ತಾನೇ? ನೀನು ಹಾಕದೆ ಶುರು ಮಾಡಲ್ಲ."

ಅಷ್ಟು ಹೊತ್ತಿಗಾದರೂ ಹೇಳಬಹುದಿತ್ತು. ಹೋದೆ.

ಮೇಜಿನ ಮೇಲೆ ನಂಬರಿನವಳ ಡಬ್ಬಿಗಳು ಸಾಲಾಗಿದ್ದವು. ಮಡಿಕೆಗಳು ಚೂಪಾಗಿ, ಮೂಲೆಗಳು ಒಂದಕ್ಕೊಂದು ಕೂತು, ಹೊಟ್ಟೆ ಉರಿಯುವಷ್ಟು ಅಚ್ಚುಕಟ್ಟು. ಗುಬ್ಬಿ ಹಲಗೆಯಿಂದ ಸೋಪು ತಂದು ನನ್ನ ಕೈಗಿಟ್ಟಳು. ಹಾಕಿದೆ. ಮುಚ್ಚಿದೆ. ಅವಳು ತೆಗೆದುಕೊಂಡು, ಅಭ್ಯಾಸದಂತೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

ಲೊಟ ಲೊಟ.

ಇನ್ನೊಂದು ಡಬ್ಬಿ. ಲೊಟ ಲೊಟ. ಮತ್ತೊಂದು. ಅವಳ ಮುಖ ನೋಡಲಾಗದೆ ಬಾಗಿಲ ಕಡೆ ತಿರುಗಿದೆ. ಕೊನೆಯ ಕಟ್ಟು ಹೊತ್ತುಕೊಂಡು ನಂಬರಿನವಳು ಒಳಗೆ ಬರುತ್ತಿದ್ದಳು.

"ಅರೆ, ನೀವಾ?" ಎಂದಳು ನಗುತ್ತ. "ಮೋಂಬತ್ತಿ ಡಬ್ಬಿಗೆ ಬಂದಿದ್ರಲ್ಲ! ಮತ್ತೆ ಬರ್ಲೇ ಇಲ್ಲ. ಇಲ್ಲೂ ಕೊಳ್ಳೋಕೆ ಬಂದ್ರಾ?"

ಗುಬ್ಬಿ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟಳು. "ಯಾವತ್ತು ಬಂದಿದ್ರು?"

"ಹದಿನೆಂಟು ದಿನ ಆಯ್ತೇನೋ. ಅಚ್ಚು ಬಂದಿತ್ತಲ್ಲ, ಅವತ್ತೇ. ನಿಮ್ಮ ಸೋಪು ಹಿಡ್ಕೊಂಡು ಮೂಸಿ ನೋಡಿದ್ರು, ಒತ್ತಿ ನೋಡಿದ್ರು. ಯಾಕೆ?"

"ಅವತ್ತು ಎಷ್ಟು ಡಬ್ಬಿ ಆಗಿತ್ತು?"

"ಒಂದೂ ಆಗಿರ್ಲಿಲ್ಲ. ಮಾರನೇ ದಿನದಿಂದ ತಾನೇ ಕತ್ತರಿಸಿದ್ದು."

ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನಲಿಲ್ಲ, ನನ್ನ ಕೈ ತಾನಾಗಿಯೇ ಹೆಗಲಿಗೆ ಹೋಗಿತ್ತು. ಗುಬ್ಬಿ ಕೂಗಾಡಲಿಲ್ಲ. ಕೂಗಾಡಿದ್ದರೆ ಸಮಾಧಾನವಾದರೂ ಇರುತ್ತಿತ್ತು; ಆ ಮಾತು ಹೇಳಿದವಳು ಎದುರಿಗೇ ನಿಂತಿದ್ದಳು.

"ನಿನ್ನ ಹಳೇ ಡಬ್ಬಿ ಒಂದು ಕೊಟ್ಟು, ಇದರ ಹಾಗೇ ಮಾಡಿ ಅಂದಿದ್ರೆ ಮುಗೀತಿತ್ತು," ಎಂದಳು ಗುಬ್ಬಿ ನಿಧಾನವಾಗಿ. "ಎತ್ತಿಟ್ಟೂ ಇದ್ದೆ. ನಿನ್ನ ಕೈಕೆಲಸಾನ ಬೇರೆಯವರ ಕೈಗೆ ಕೊಡೋಕೆ ಮನಸ್ಸು ಬರ್ಲಿಲ್ಲ. ಅದಕ್ಕೇ ಸೋಪು ಕಳಿಸಿದೆ."

ನನಗೆ ಆ ಕ್ಷಣ ಅಳು ಬರಬೇಕಿತ್ತು. ಬಂದದ್ದು ಬೇರೆ. ಹಾಗಾದರೆ ಅವಳು ನನ್ನನ್ನು ಬಿಟ್ಟಿರಲಿಲ್ಲ ಎಂಬ ಒಂದು ಚಿಕ್ಕ, ಕೆಟ್ಟ ಸಂತೋಷ. ಅದು ಬಂದದ್ದಕ್ಕೆ ನಾಚಿಕೆ ಆಮೇಲೆ ಬಂತು.

"ಒಳಗೆ ಪಟ್ಟಿ ಹಾಕೋಣ," ಎಂದೆ. "ತೆಳು ರಟ್ಟು, ಎರಡು ಕಡೆ ಮಡಿಸಿ ಕೂರಿಸಿದ್ರೆ ಸೋಪು ಅಲ್ಲಾಡಲ್ಲ. ನನ್ನ ಹತ್ರ ಚೂರು ರಟ್ಟು ಬೇಕಾದಷ್ಟಿದೆ. ಮೂರು ದಿನದಲ್ಲಿ ಆಗುತ್ತೆ."

"ಮಾಡಿ," ಎಂದಳು ಗುಬ್ಬಿ. 'ಮಾಡು' ಎನ್ನಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅವಳು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಕೆನ್ನೆಗೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಮೂರು ದಿನ ನಮ್ಮ ಕೋಣೆಯಲ್ಲಿ ನಾಲ್ವರು ಕುಳಿತೆವು: ನಾನು, ಗೋಂದಕ್ಕ, ಕತ್ತರಿಸುವವಳು, ಮತ್ತು ನಂಬರಿನವಳು. ತಪ್ಪು ತನ್ನದಲ್ಲದಿದ್ದರೂ ಬೆಲ್ಟು ಬಿಗಿದುಕೊಂಡು ಬಂದಿದ್ದಳು. ಮೊದಲ ದಿನ ನನ್ನ ಜೊತೆ ಮಾತಾಡಲಿಲ್ಲ. ಎರಡನೆಯ ದಿನ ಗೋಂದಕ್ಕ, "ಅಮ್ಮಾ, ನಿಮ್ಮ ಸವತಿ ಕೈ ನಿಮಗಿಂತ ಚುರುಕು," ಎಂದಾಗ ನಂಬರಿನವಳು ತಲೆಯೆತ್ತಿ, "ಯಾರ ಸವತಿ?" ಎಂದಳು. ಮರುಕ್ಷಣ ಅವಳಿಗೇ ಅರ್ಥವಾಗಿ ನಕ್ಕಳು. ಸೊಂಟ ಹಿಡಿದುಕೊಂಡು ನಕ್ಕಳು.

"ನೀವ್ಯಾರು ಅಂತ ಹೇಳಿದ್ದಿದ್ರೆ ಆರ್ಡರು ನಾನೇ ಬಿಟ್ಕೊಡ್ತಿದ್ದೆ ಅಂತ ಸುಳ್ಳು ಹೇಳಲ್ಲ," ಎಂದಳು. "ನನಗೂ ಹೊಟ್ಟೆ ಇದೆ. ಆದ್ರೆ ಸೋಪು ಹಸಿ ಅಂತ ಹೇಳ್ಬಹುದಿತ್ತು ನೀವು."

"ಹೌದು."

"ಪಟ್ಟಿಗೆ ಎಷ್ಟಾಯ್ತು? ಡಬ್ಬಿ ನನ್ನದು, ಖರ್ಚು ನನ್ನದು. ಬಿಲ್ಲು ಕೊಡಿ."

"ನನ್ನ ಬಿಲ್ಲಿಂದ ನಿಮಗೇನೂ ವಾಪಸ್ ಬರಲ್ಲ. ನೀವೇ ಹೇಳಿಕೊಟ್ಟಿದ್ದು."

"ಹೌದಲ್ಲ," ಎಂದಳು. "ಹಾಗಾದ್ರೆ ನಂಬರ್ ಮಾಡಿಸ್ಕೊಳ್ಳಿ, ಆಮೇಲೆ ನೋಡೋಣ."

ದುಡ್ಡು ತೆಗೆದುಕೊಳ್ಳಲಿಲ್ಲ. ಅಷ್ಟಾದರೂ ನಷ್ಟ ನನಗಾಗಬೇಕಿತ್ತು.

ಲಾರಿ ಸರಿಯಾದ ಹೊತ್ತಿಗೆ ಹೋಯಿತು. ಒಳಗೆ ಪಟ್ಟಿಯಿದ್ದದ್ದು ಹೋಟೆಲಿನವರಿಗೆ ಇಷ್ಟವೇ ಆಯಿತಂತೆ. ನನಗೆ ಅದನ್ನು ಗುಬ್ಬಿ ಹೇಳಲಿಲ್ಲ, ಅವಳ ಅಣ್ಣ ಹೇಳಿದರು. "ನಿಮ್ಮಿಬ್ಬರ ಮಧ್ಯೆ ನಾನು ಬರಲ್ಲ," ಎಂದೂ ಸೇರಿಸಿದರು. ಕನ್ನಡಕ ಹುಡುಕಿಕೊಡುವುದನ್ನು ನಿಲ್ಲಿಸಿದ್ದೆ.

ನಂಬರು ಮಾಡಿಸಿಕೊಂಡೆ. ಕೈಗೆ ಬರಲು ಹನ್ನೆರಡು ದಿನ ಹಿಡಿಯಿತು. ರಟ್ಟಿನ ನಲವತ್ತು ಈಗ ನನಗೆ ವಾಪಸ್ ಬರುವುದರಿಂದ ನೂರು ಡಬ್ಬಿಯನ್ನು ಒಂಬೈನೂರ ಅರವತ್ತಕ್ಕೆ ಕೊಟ್ಟರೂ ಮೊದಲಿನಷ್ಟೇ ಉಳಿಯುತ್ತದೆ ಎಂದು ಬೆರಳು ಮಡಿಸಿ ತಿಳಿದುಕೊಂಡೆ. ಆಮೇಲೆ ದರಪಟ್ಟಿಯಲ್ಲಿ ಒಂಬೈನೂರ ನಲವತ್ತೊಂಬತ್ತು ಎಂದು ಬರೆದೆ, ತೆರಿಗೆ ಬೇರೆ. ನಂಬರಿನವಳಿಗಿಂತ ಒಂದು ಕಡಿಮೆ. ನನ್ನ ಹೊಟ್ಟೆಕಿಚ್ಚಿನ ಬೆಲೆ ನೂರಕ್ಕೆ ಹನ್ನೊಂದು.

ಗುಬ್ಬಿ ಓದಿದಳು. ಅವಳ ತುಟಿಯ ಮೂಲೆ ಸ್ವಲ್ಪ ಅಲುಗಿತು. "ಹೋಟೆಲ್ ಆರ್ಡರು ಅರ್ಧ ನಿಮಗೆ, ಅರ್ಧ ಅವರಿಗೆ," ಎಂದಳು. "ಒಬ್ಬರನ್ನೇ ನಂಬ್ಕೊಂಡ್ರೆ ಏನಾಗುತ್ತೆ ಅಂತ ನೋಡಿದೀನಿ. ಆದ್ರೆ ಅಳತೆ ಇಬ್ಬರಿಗೂ ಒಂದೇ ಇರ್ಬೇಕು. ನಿಮ್ಮ ಹತ್ರ ಅಳತೆ ಪಟ್ಟಿ ಇದೆಯಲ್ಲ, ಅದರ ನಕಲು ನನಗೆ ಬೇಕು. ಅವರಿಗೂ ಕೊಡ್ತೀನಿ."

ಅದೊಂದನ್ನು ಕೇಳಬಾರದಿತ್ತು. ಹದಿನಾರು ವರ್ಷದಲ್ಲಿ ನನ್ನದೆಂದು ಉಳಿದದ್ದು ಆ ಪಟ್ಟಿಯೊಂದೇ. ಕೋಣೆಗೆ ಬಂದು ಕತ್ತರಿಯ ಡಬ್ಬ ತೆರೆದೆ. ಬಳಸಿ ಬಳಸಿ ಅಂಚು ಮೆತ್ತಗಾಗಿತ್ತು, ಉಗುರಿನ ಗೆರೆಗಳು ಮಾಸಿದ್ದವು. ಹೊಸ ಕಾಗದದ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದೆ. ಕತ್ತರಿಸಿದ ಮೇಲೆ ಹಳೆಯದರ ಪಕ್ಕ ಹಿಡಿದು ನೋಡಿದರೆ ಹೊಸದು ಒಂದು ನೂಲು ಉದ್ದವಿತ್ತು.

ಕೈ ತಪ್ಪಿತೆಂದು ಯಾರಿಗೆ ಬೇಕಾದರೂ ಹೇಳಬಹುದಿತ್ತು. ನಂಬುತ್ತಿದ್ದರು ಕೂಡ. ಆದರೆ ನನ್ನ ಕೈ ತಪ್ಪುವುದಿಲ್ಲ. ಅದು ನನಗೆ ಗೊತ್ತು. ಹೆಬ್ಬೆರಳು ತಾನಾಗಿಯೇ ಒಂದು ನೂಲು ಆಚೆ ಸರಿದಿತ್ತು. ಬಹಳ ಹೊತ್ತು ಆ ಎರಡು ಪಟ್ಟಿಗಳನ್ನು ನೋಡುತ್ತ ಕುಳಿತೆ. ಕೊನೆಗೆ ಹೊಸದನ್ನು ನಾಲ್ಕಾಗಿ ಹರಿದು ಅಂಟಿನ ಬಟ್ಟಲಿಗೆ ಹಾಕಿ ಇನ್ನೊಂದು ಕತ್ತರಿಸಿದೆ. ಈ ಸಲ ಸರಿಯಾಗಿ.

ಮುಂದಿನ ತಿಂಗಳು ಮೊದಲ ಕಂತಿನ ಡಬ್ಬಿ, ಬಿಲ್ಲು, ಪಟ್ಟಿ ಮೂರನ್ನೂ ತೆಗೆದುಕೊಂಡು ಹೋದೆ. ಗುಬ್ಬಿ ಒಂದು ಸೋಪು ಎತ್ತಿ ಹಾಕಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಸದ್ದಿಲ್ಲ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಎಷ್ಟು ಸಲ ಕತ್ತರಿಸಿದೆ ಇದನ್ನ?" ಎಂದು ಕೇಳಿದಳು.

"ಎರಡು."

ಅವಳು ನನ್ನನ್ನೇ ನೋಡಿದಳು. ಅವಳ ತಲೆ ಬಾಚಿದವಳು ನಾನು. ಅವಳಿಗೂ ನನ್ನ ತಲೆಯೊಳಗಿರುವುದು ಅಷ್ಟೋ ಇಷ್ಟೋ ಗೊತ್ತು.

"ಮೊಳೆಗೆ ಹಾಕು," ಎಂದಳು. "ಬಿಲ್ಲೂ ಅಲ್ಲೇ. ಟೀ ಇಡ್ತೀನಿ."

ಅವಳು ಒಳಗೆ ಹೋದ ಮೇಲೆ ಪಟ್ಟಿಯನ್ನು ಮೊಳೆಗೆ ಚುಚ್ಚಿದೆ. ನನ್ನ ಬಿಲ್ಲನ್ನು ಚುಚ್ಚಿದೆ. ಆಗ ಹೊರಗೆ ಚಪ್ಪಲಿಯ ಸದ್ದಾಯಿತು. ನಂಬರಿನವಳು ಒಳಪಟ್ಟಿ ಹಾಕಿದ ಹಳೆಯ ಅಳತೆಯ ಡಬ್ಬಿಗಳ ಕಟ್ಟು ಇಳಿಸಿ, ನನಗೆ ತಲೆಯಾಡಿಸಿ, ತನ್ನ ಬಿಲ್ಲನ್ನು ನನ್ನದರ ಮೇಲೆ ಚುಚ್ಚಿ, "ಅಮ್ಮಾ, ನನಗೂ ಒಂದು ಲೋಟ," ಎನ್ನುತ್ತ ಒಳಗೆ ಹೋದಳು. ಆ ಮನೆಯವಳೇ ಎನ್ನುವ ಹಾಗೆ.

ಒಳಗೆ ಇಬ್ಬರೂ ಏನಕ್ಕೋ ನಕ್ಕರು. ನಾನು ಎರಡೂ ಬಿಲ್ಲುಗಳನ್ನು ಮೊಳೆಯಿಂದ ಬಿಡಿಸಿ, ಅವಳದನ್ನು ಮೊದಲು ಚುಚ್ಚಿ, ನನ್ನದನ್ನು ಅದರ ಮೇಲೆ ಚುಚ್ಚಿ, ಅಂಚು ಸರಿಮಾಡಿ, ಟೀ ಕುಡಿಯಲು ಒಳಗೆ ಹೋದೆ.